ಆಯ್ದ ನಾಣ್ಯ

ಈ ಜಗತ್ತನ್ನು ನಾಣ್ಯ ಅಚ್ಚು ಹಾಕುವ ಕಮ್ಮಟಕ್ಕೆ ಹೋಲಿಸಿದ ಬಸವಣ್ಣನವರ ವಚನವನ್ನು ಕೇಳದ ಶರಣ ಬಂಧುಗಳು ವಿರಳ. ನಾನು ಅದನ್ನು ಎಂ.ಎ. ತರಗತಿಯಲ್ಲಿ ಓದಿದೆ, ಅದರ ರೂಪಕವನ್ನು ಕುರಿತು ಪರೀಕ್ಷೆಯಲ್ಲಿ ಎರಡು ಪುಟ ಬರೆದೆ, ಮಠದ ಸೇವೆಗೆ ಬಂದ ಮೇಲೆ ಶಿವಾನುಭವ ಗೋಷ್ಠಿಗಾಗಿ ಅದಕ್ಕೊಂದು ವಿವರಣೆಯನ್ನೂ ಸಿದ್ಧಪಡಿಸಿದೆ. ಇಷ್ಟೆಲ್ಲ ಮಾಡಿದವನು ಕಮ್ಮಟದಿಂದ ಹೊರಬಂದ ಒಂದೇ ಒಂದು ನಾಣ್ಯವನ್ನು ಕಣ್ಣಿಟ್ಟು ನೋಡಿದವನಲ್ಲ. ಚಿಲ್ಲರೆ ಎಂದರೆ ಜೇಬಿನ ಭಾರ ಎಂದಷ್ಟೇ ತಿಳಿದಿದ್ದೆ. ನೋಡುವುದನ್ನು ಕಲಿಸಿದ್ದು ಗದ್ದುಗೆಯ ಮುಂದಿನ ಕಾಣಿಕೆ ಹುಂಡಿ. ಆ ಕಲಿಕೆಯ ನಡುವೆ ನಾನು ಎಡವಿದ್ದೂ ಅಲ್ಲಿಯೇ. ಎರಡನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಜಾತ್ರೆ ಮುಗಿದ ಮೂರನೆಯ ದಿನ ಹುಂಡಿ ಎಣಿಕೆ. ದಾಸೋಹ ಭವನದಲ್ಲಿ ಜಮಖಾನ ಹಾಸಿ, ಹುಂಡಿಯನ್ನು ಅದರ ಮೇಲೆ ಬರಿದು ಮಾಡುತ್ತಾರೆ. ಪ್ರಸಾದ ನಿಲಯದ ಮಕ್ಕಳು ಸುತ್ತಲೂ ಕುಳಿತು ನೋಟುಗಳನ್ನೂ ನಾಣ್ಯಗಳನ್ನೂ ಬೇರ್ಪಡಿಸುತ್ತಾರೆ. ಮಠದ ಲೆಕ್ಕ ಬರೆಯುವ ಅಯ್ಯನವರು ನಡುವೆ ಪುಸ್ತಕ ಹಿಡಿದು ಕೂಡುತ್ತಾರೆ. ಹುಂಡಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಫಲಕ ನಿಂತ ಮೇಲೆ ನೋಟುಗಳು ಕಡಿಮೆಯಾಗಿವೆಯಾದರೂ ನಾಣ್ಯದ ರಾಶಿ ಕರಗಿಲ್ಲ. ನೂರು ನೂರು ನಾಣ್ಯಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಬ್ಯಾಂಕಿಗೆ ಒಪ್ಪಿಸುವುದು ನಮ್ಮ ವಾಡಿಕೆ. ನಾಲ್ಕು ವರ್ಷಗಳ ಹಿಂದೆ ಹೀಗೆ ಎಣಿಸುತ್ತಿದ್ದಾಗ ಎಂಟನೆಯ ತರಗತಿಯ ಬಾಲಕನೊಬ್ಬ ಎರಡು ಒಂದು ರೂಪಾಯಿ ನಾಣ್ಯಗಳನ್ನು ನನ್ನ ಮುಂದೆ ಹಿಡಿದ. "ಗುರುಗಳೇ, ಎರಡರಲ್ಲೂ ಇಸವಿ ಒಂದೇ. ಆದರೆ ಒಂದರ ಕೆಳಗೆ ಚುಕ್ಕಿ ಇದೆ, ಇನ್ನೊಂದರ ಕೆಳಗೆ ನಕ್ಷತ್ರ ಇದೆ. ಯಾಕೆ?" ನನ್ನಲ್ಲಿ ಉತ್ತರವಿರಲಿಲ್ಲ. ಕಮ್ಮಟದ ರೂಪಕದ ಮೇಲೆ ಉಪನ್ಯಾಸ ಮಾಡಿದವನಿಗೆ ಕಮ್ಮಟದ ಗುರುತು ತಿಳಿದಿರಲಿಲ್ಲ.

ಆ ಸಂಜೆಯೇ ಹುಡುಕಿ ತಿಳಿದುಕೊಂಡೆ. ನಮ್ಮ ದೇಶದಲ್ಲಿ ನಾಣ್ಯಗಳನ್ನು ಟಂಕಿಸುವ ಸರ್ಕಾರಿ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ಸಾಮಾನ್ಯವಾಗಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ. ಯಾವ ಗುರುತೂ ಇಲ್ಲದಿದ್ದರೆ ಅದು ಕೋಲ್ಕತ್ತದ್ದು. ಮರುದಿನ ಆ ಬಾಲಕನಿಗೆ ಇದನ್ನು ಹೇಳಿದಾಗ ಅವನು ಕೇಳಿದ ಮುಂದಿನ ಪ್ರಶ್ನೆ, "ಹಾಗಾದರೆ ನಾಲ್ಕೂ ಊರಿನದು ಸಿಗುತ್ತದೆಯೇ?" ನಾಣ್ಯ ಆಯುವ ಹವ್ಯಾಸ ನಮ್ಮಿಬ್ಬರಿಗೂ ಅಂದಿನಿಂದ ಆರಂಭವಾಯಿತು.

ಆರಂಭಿಸಲು ಇಚ್ಛಿಸುವವರಿಗೆ ನನ್ನ ಅನುಭವದ ನಾಲ್ಕು ಮಾತು. ಇದಕ್ಕೆ ಬಂಡವಾಳ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ನೋಟ್ ಪುಸ್ತಕ, ಹಗಲಿನ ಬೆಳಕು ಇಷ್ಟು ಸಾಕು. ಮೊದಲ ದಿನವೇ ಎಲ್ಲವನ್ನೂ ಹುಡುಕಹೊರಟರೆ ಯಾವುದೂ ಕೈಹತ್ತದು. ಒಂದೇ ಮಾದರಿಯನ್ನು ಆರಿಸಿಕೊಳ್ಳಬೇಕು. ನಾವು ಆರಿಸಿಕೊಂಡದ್ದು 2007ರಿಂದ ಬಂದ ಹಸ್ತಮುದ್ರೆಯ ನಾಣ್ಯಗಳನ್ನು. ನೃತ್ಯದ ಮುದ್ರೆಗಳನ್ನು ಆಧರಿಸಿದ ಈ ಮಾಲಿಕೆಯಲ್ಲಿ 50 ಪೈಸೆಯ ಮೇಲೆ ಮುಷ್ಟಿ, ಒಂದು ರೂಪಾಯಿಯ ಮೇಲೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಯ ಮೇಲೆ ಎರಡು ಬೆರಳು. ಅಕ್ಷರ ಬಾರದವರೂ ಬೆರಳು ನೋಡಿ ಬೆಲೆ ತಿಳಿಯಬಹುದು. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆಯುಳ್ಳ ನಾಣ್ಯಗಳು ಬಂದು ಈ ಮಾಲಿಕೆ ನಿಂತಿತು. ಪುಸ್ತಕದಲ್ಲಿ ಉದ್ದಕ್ಕೆ ಇಸವಿಗಳನ್ನೂ ಅಡ್ಡಕ್ಕೆ ನಾಲ್ಕು ಟಂಕಸಾಲೆಗಳನ್ನೂ ಬರೆದು ಮನೆಗಳನ್ನು ಗೆರೆ ಹಾಕಿಕೊಂಡೆವು. ಸಿಕ್ಕಂತೆಲ್ಲ ಒಂದೊಂದು ಮನೆ ತುಂಬುವುದು. ಎಲ್ಲ ಟಂಕಸಾಲೆಗಳೂ ಎಲ್ಲ ವರ್ಷ ಎಲ್ಲ ಬೆಲೆಯ ನಾಣ್ಯಗಳನ್ನು ಅಚ್ಚು ಹಾಕುವುದಿಲ್ಲವಾದ್ದರಿಂದ ಕೆಲವು ಮನೆಗಳು ಎಂದೆಂದಿಗೂ ಖಾಲಿ. ಅದನ್ನು ಸಹಿಸುವುದೂ ಈ ಹವ್ಯಾಸದ ಒಂದು ಪಾಠವೇ.

ಎಲ್ಲಿ ಹುಡುಕಬೇಕು? ತರಕಾರಿ ಮಾರುವ ತಾಯಂದಿರ ಗೋಣಿತಾಟಿನ ಅಡಿಯಲ್ಲಿ, ಹೋಟೆಲ್ ಗಲ್ಲಾದಲ್ಲಿ, ಬಸ್ಸಿನ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಇಳಿಯುವಾಗ ಮರಳಿಸುವ ಚಿಲ್ಲರೆಯಲ್ಲಿ. ಒಮ್ಮೆಲೇ ಹೆಚ್ಚು ನೋಡಬೇಕೆಂದರೆ ಬ್ಯಾಂಕಿನಲ್ಲಿ ನೂರು ರೂಪಾಯಿ ಕೊಟ್ಟು ಒಂದು ರೂಪಾಯಿಯ ನೂರು ನಾಣ್ಯಗಳನ್ನು ಪಡೆಯಬಹುದು. ಬೇಕಾದ ಎರಡೋ ಮೂರೋ ಇಟ್ಟುಕೊಂಡು ಉಳಿದವನ್ನು ಅಂಗಡಿಯಲ್ಲಿ ವೆಚ್ಚ ಮಾಡಿದರೆ ಚಿಲ್ಲರೆಗಾಗಿ ಪರದಾಡುವ ಅಂಗಡಿಯವರಿಗೂ ಸಂತೋಷ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. 50 ಪೈಸೆಗೆ ಕಾನೂನಿನ ಮಾನ್ಯತೆ ಇನ್ನೂ ಇದ್ದರೂ ಅಂಗಡಿಗಳಲ್ಲಿ ಅದನ್ನು ಮುಟ್ಟುವವರಿಲ್ಲ. ಆದುದರಿಂದ ದಿನಬಳಕೆಯಲ್ಲಿ ಹುಡುಕಬೇಕಾದದ್ದು 1, 2, 5, 10 ಮತ್ತು 20 ರೂಪಾಯಿಗಳನ್ನು. ಇವುಗಳಲ್ಲಿ ಹನ್ನೆರಡು ಅಂಚುಗಳ 20 ರೂಪಾಯಿ ನಾಣ್ಯವೇ ಕಿರಿಯದು. 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನವನ್ನು ಹೊತ್ತು ಈ ಐದೂ ಬೆಲೆಗಳ ನಾಣ್ಯಗಳು ಬಂದವು. ಹೊಸಬರು ಆ ಐದರಿಂದಲೂ ಆರಂಭಿಸಬಹುದು.

ಕಣ್ಣು ಪಳಗಿದ ಮೇಲೆ ವಿಚಿತ್ರಗಳು ಕಾಣತೊಡಗುತ್ತವೆ. 1990ರ ದಶಕದ ಕೊನೆಯಲ್ಲಿ ದೇಶದಲ್ಲಿ ಚಿಲ್ಲರೆಗೆ ಬರ ಬಂದು, ಅಂಗಡಿಯವರು ಚಿಲ್ಲರೆಯ ಬದಲು ಚಾಕೊಲೇಟ್ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆಗ ಸರ್ಕಾರ ಹೊರದೇಶದ ಟಂಕಸಾಲೆಗಳಿಂದಲೂ ನಾಣ್ಯಗಳನ್ನು ಅಚ್ಚು ಹಾಕಿಸಿ ತರಿಸಿತು. ಆ ಕಾಲದ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ 'ಎಂ' ಅಕ್ಷರದ ಮೇಲೊಂದು ಪುಟ್ಟ ಸೊನ್ನೆ ಕಂಡರೆ ಅದು ಮೆಕ್ಸಿಕೋ ದೇಶದಲ್ಲಿ ಹುಟ್ಟಿದ್ದು. 1999ರ ಐದು ರೂಪಾಯಿಗಳಲ್ಲಿ ಕೆಲವು ಮಾಸ್ಕೋದಿಂದ ಬಂದವು. ಸಮುದ್ರ ದಾಟಿ ಬಂದ ಒಂದು ರೂಪಾಯಿ ಕಾಲು ಶತಮಾನ ಕೈಯಿಂದ ಕೈಗೆ ಅಲೆದು, ನಮ್ಮ ಹಳ್ಳಿಯ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಮೇಲೆ ಬಂದು ಕುಳಿತದ್ದನ್ನು ಕಂಡ ದಿನ ನನಗಾದ ಬೆರಗನ್ನು ಮರೆಯಲಾರೆ.

ಅಚ್ಚಿನ ತಪ್ಪುಗಳನ್ನು ಹುಡುಕುವುದು ಇನ್ನೊಂದು ದಾರಿ. ನಾಣ್ಯವನ್ನು ಸಿಂಹಮುದ್ರೆ ನೆಟ್ಟಗೆ ಕಾಣುವಂತೆ ಮೇಲೆ ಕೆಳಗೆ ಎರಡು ಬೆರಳಿನಿಂದ ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿ. ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ನಿಂತರೆ ಅಚ್ಚು ತಿರುಗಿದೆ ಎಂದರ್ಥ. ಒಂದು ಬದಿಯ ಚಿತ್ರವೇ ಇನ್ನೊಂದು ಬದಿಯಲ್ಲಿ ಕನ್ನಡಿಯೊಳಗಿನ ಬಿಂಬದಂತೆ ತಿರುಗಿ, ತಗ್ಗಾಗಿ ಒತ್ತಿಕೊಂಡಿರುವುದೂ ಉಂಟು. ವ್ಯಾಪಾರಿಗಳು ಅದನ್ನು 'ಲಾಖಿ' ಎನ್ನುತ್ತಾರೆ. ಇಂಥವು ಅಪರೂಪ. ಸಾವಿರಾರು ನಾಣ್ಯಗಳನ್ನು ತಿರುಗಿಸಿದ ನನಗೆ ಸಿಕ್ಕಿದ್ದು ತುಸು ಓರೆಯಾದ ಒಂದು ಎರಡು ರೂಪಾಯಿ ಮಾತ್ರ.

ಸಿಕ್ಕಿದ್ದನ್ನು ಕಾಪಾಡುವಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡದಿರಿ. ಚಲಾವಣೆ ತಪ್ಪಿದ ನಾಣ್ಯಗಳೂ ಹುಂಡಿಗೆ ಬೀಳುವುದುಂಟು. ಹೀಗೆ ಬಂದಿದ್ದ, ಕಮಲದ ಚಿತ್ರವುಳ್ಳ 1968ರ ಹಿತ್ತಾಳೆ ಬಣ್ಣದ 20 ಪೈಸೆಯೊಂದನ್ನು ಅಯ್ಯನವರು ಮಕ್ಕಳಿಗೆ ತೋರಿಸಲೆಂದು ನನ್ನ ಕೈಗಿತ್ತಿದ್ದರು. ಅದು ಮಾಸಿ ಕಂದಾಗಿತ್ತು. ದಾಸೋಹದ ಹಂಡೆ ತಿಕ್ಕುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಂಗಾರದಂತೆ ಹೊಳೆಯಿತು, ನಾನು ಹಿಗ್ಗಿದೆ. ಭೂತಗನ್ನಡಿ ಹಿಡಿದಾಗ ಕಮಲದ ಎಸಳುಗಳ ಮೇಲೆ ನೂರಾರು ಗೀರು. ಕಾಲ ಕೊಟ್ಟ ಮೈಬಣ್ಣವನ್ನು ಕಿತ್ತುಹಾಕಿದ್ದೆ. ಅದು ಮರಳಿ ಬರುವಂಥದ್ದಲ್ಲ. ನಾಣ್ಯವನ್ನು ತೊಳೆಯಬಾರದು, ತಿಕ್ಕಬಾರದು. ಅಂಚನ್ನು ಮಾತ್ರ ಹಿಡಿಯಬೇಕು, ಮುಖವನ್ನು ಮುಟ್ಟಬಾರದು. ಒಂದೊಂದನ್ನೂ ಬೇರೆ ಬೇರೆ ಒಣ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಇಸವಿ, ಟಂಕಸಾಲೆ, ಸಿಕ್ಕಿದ ಸ್ಥಳ ಬರೆದರೆ ಸಾಕು. ಮೆತ್ತನೆಯ ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ಮುಗಳಲ್ಲಿಟ್ಟರೆ ಕೆಲವು ವರ್ಷಗಳಲ್ಲಿ ಹಸಿರು ಅಂಟು ಹಿಡಿಯುತ್ತದೆ.

ಇನ್ನು ಬೆಲೆಯ ವಿಚಾರ. ನಮ್ಮ ಅಡುಗೆ ಮನೆಯಲ್ಲಿ ಸೇವೆ ಮಾಡುವ ಅಣ್ಣನೊಬ್ಬರ ಬಳಿ ಮಾತಾ ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿ ನಾಣ್ಯವಿತ್ತು. ಅದಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ವಿಡಿಯೋ ಅವರ ಮೊಬೈಲಿಗೆ ಬಂತು. ಅದರಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರು. ಆ ಕಡೆಯವರು ಮೊದಲು ನೋಂದಣಿ ಶುಲ್ಕ ಎಂದು 750 ರೂಪಾಯಿ, ಬಳಿಕ ತೆರಿಗೆ ಎಂದು 2,000 ರೂಪಾಯಿ ಕಟ್ಟಿಸಿಕೊಂಡರು. ಮೂರನೆಯ ಬಾರಿ ಕೇಳಿದಾಗ ಆ ಅಣ್ಣ ನನ್ನ ಬಳಿ ಬಂದರು. ಮಗಳ ಶಾಲೆಯ ಚೀಲಕ್ಕೂ ಪುಸ್ತಕಕ್ಕೂ ಎತ್ತಿಟ್ಟಿದ್ದ ಹಣವದು. "ಮೇಷ್ಟ್ರೇ, ನೀವೇ ಅಲ್ವಾ ಹುಡುಗರಿಗೆ ಕಾಯಿನ್ ಹುಡುಕೋಕೆ ಹೇಳಿಕೊಟ್ಟಿದ್ದು? ಅದಕ್ಕೇ ನಂಬಿದೆ" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹುಡುಕುವುದನ್ನು ಹೇಳಿಕೊಟ್ಟವನು ಮೋಸವನ್ನೂ ಜೊತೆಗೇ ಹೇಳಿಕೊಡಬೇಕಿತ್ತು. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ನೆಪದಲ್ಲಿ ತನ್ನ ಹೆಸರನ್ನು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿತ್ತು. ಚಲಾವಣೆಗೆಂದು ಅಚ್ಚು ಹಾಕಿದ ಸ್ಮರಣಾರ್ಥ ನಾಣ್ಯಗಳು ಅಪಾರ ಸಂಖ್ಯೆಯಲ್ಲಿರುತ್ತವೆ. ಕೈಯಿಂದ ಕೈಗೆ ಸವೆದು ಬಂದ ಅಂಥ ನಾಣ್ಯಕ್ಕೆ ಸಾಮಾನ್ಯವಾಗಿ ಮುಖಬೆಲೆಯೇ ಬೆಲೆ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಮಾರುವವನಿಂದ ಮುಂಗಡ ಕೇಳುವುದಿಲ್ಲ. ಈ ಒಂದು ಮಾತನ್ನು ಮನೆಯವರಿಗೆಲ್ಲ ತಿಳಿಸಿ.

ಮೌಲ್ಯದ ಭ್ರಮೆ ಈ ಬದಿಗಾದರೆ, ಆ ಬದಿಗೆ ತಿರಸ್ಕಾರದ ಭ್ರಮೆ. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲವೆಂಬ ಗಾಳಿಮಾತು ಹಬ್ಬಿ, ಅದರ ಮೇಲಿನ ಗೆರೆಗಳು ಹತ್ತಿರಬೇಕೋ ಹದಿನೈದಿರಬೇಕೋ ಎಂದು ಅಂಗಡಿಗಳಲ್ಲಿ ಜಗಳವೇ ನಡೆದವು. ಅಲ್ಲಿಯವರೆಗೆ ಹೊರಬಂದ ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆದರೂ ಹೊರಗೆ ಯಾರೂ ತೆಗೆದುಕೊಳ್ಳದ ಹತ್ತರ ನಾಣ್ಯ ಕೊನೆಗೆ ಬಂದು ಬೀಳುವುದು ಹುಂಡಿಗೆ. ಅವನ್ನು ಎಣಿಸುವಾಗಲೆಲ್ಲ ನನಗನ್ನಿಸುವುದು, ಸಲ್ಲುವ ನಾಣ್ಯವನ್ನು ಸಲ್ಲದೆಂದು ನೂಕುವ ನಾವು ಮನುಷ್ಯರನ್ನೂ ಹೀಗೆಯೇ ನೂಕಿರುವೆವಲ್ಲವೇ ಎಂದು.

ಈಗ ನನ್ನ ಎಡವಿಕೆಯ ಕಥೆ. 2006ರಲ್ಲಿ ಭಾರತ ಸರ್ಕಾರವು ಬಸವಣ್ಣನವರ ಸ್ಮರಣಾರ್ಥ 100 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳನ್ನು ಹೊರತಂದಿತು. ಅವುಗಳಲ್ಲಿ ಐದು ರೂಪಾಯಿ ಸಾಮಾನ್ಯ ಚಲಾವಣೆಗೂ ಬಂದಿತು. ಒಂದು ಬದಿಯಲ್ಲಿ ಅಣ್ಣನವರ ಚಿತ್ರ, ಸುತ್ತ ಅವರ ಹೆಸರು. ಅದು ನನ್ನ ಚಿಲ್ಲರೆಯಲ್ಲಿ ಎಂದಾದರೂ ಬರಬೇಕೆಂಬುದು ನನ್ನ ಬಹುಕಾಲದ ಆಸೆ. ಪುಸ್ತಕದಲ್ಲಿ ಅದಕ್ಕಾಗಿ ಪ್ರತ್ಯೇಕ ಮನೆಯನ್ನೇ ಗೆರೆ ಹಾಕಿದ್ದೆ. ಎರಡು ವರ್ಷಗಳ ಹಿಂದೆ ಹುಂಡಿ ಎಣಿಸುತ್ತಿದ್ದಾಗ ಐದರ ರಾಶಿಯಲ್ಲಿ ಅದು ಕಂಡಿತು. ಸವೆದಿತ್ತಾದರೂ ಮುಖ ಸ್ಪಷ್ಟವಾಗಿತ್ತು. ಎದೆ ಝಲ್ಲೆಂದಿತು. ಅಯ್ಯನವರು ಪುಸ್ತಕದತ್ತ ಬಾಗಿದ್ದರು. ಮಕ್ಕಳು ತಮ್ಮ ತಮ್ಮ ರಾಶಿಯಲ್ಲಿದ್ದರು. ನನ್ನ ಜೇಬಿನಿಂದ ಬೇರೊಂದು ಐದು ರೂಪಾಯಿ ತೆಗೆದು ರಾಶಿಗೆ ಹಾಕಿ, ಇದನ್ನು ಜೇಬಿಗಿಳಿಸಿದೆ. ಐದಕ್ಕೆ ಐದು. ಲೆಕ್ಕದಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಅಣ್ಣನವರ ಮೇಲೆ ಅರಮನೆಯ ಹಣವನ್ನು ಜಂಗಮರಿಗೆ ವ್ಯಯಿಸಿದರೆಂಬ ದೂರು ಬಂದುದನ್ನೂ, ಭಂಡಾರವನ್ನು ಎಣಿಸಿದಾಗ ಲೆಕ್ಕ ಸರಿಯಿದ್ದುದನ್ನೂ ಶರಣ ಚರಿತ್ರೆಗಳು ಹೇಳುತ್ತವೆ. ನನ್ನ ಲೆಕ್ಕವೂ ಸರಿಯಿತ್ತು. ಆದರೆ ಅವರು ಬಚ್ಚಿಡಲಿಲ್ಲ. ನಾನು ಅತ್ತಿತ್ತ ನೋಡಿದ್ದೆ. ಸರಿಯಾದ ಕೆಲಸಕ್ಕೆ ಅತ್ತಿತ್ತ ನೋಡುವ ಅಗತ್ಯವೇನಿತ್ತು?

ಬೆಳಿಗ್ಗೆ ಅಯ್ಯನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ಐದಕ್ಕೆ ಐದು ಇಟ್ಟಿದ್ದೀರಿ ಮೇಷ್ಟ್ರೇ, ನನ್ನ ಪುಸ್ತಕಕ್ಕೆ ತೊಂದರೆ ಇಲ್ಲ. ಆದರೆ ನಾಳೆ ಹುಡುಗರೂ ಹೀಗೇ ಬದಲಾಯಿಸಿಕೊಂಡರೆ ನಾನು ಯಾರನ್ನ ಕೇಳಲಿ?" ಎಂದರು. ಇಬ್ಬರೂ ಪೂಜ್ಯ ಬುದ್ಧಿಯವರ ಸನ್ನಿಧಿಗೆ ಹೋದೆವು. "ಬುದ್ಧಿ, ನನ್ನಿಂದ ತಪ್ಪಾಗಿದೆ" ಎಂದು ನಾಣ್ಯವನ್ನು ಪಾದದ ಬಳಿ ಇಟ್ಟೆ. ಬುದ್ಧಿಯವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. "ಎಣಿಸುವವನು ಆರಿಸಬಾರದು, ಆರಿಸುವವನು ಎಣಿಸಬಾರದು. ಕೊಟ್ಟ ಭಕ್ತರು ಐದು ರೂಪಾಯಿ ಕೊಟ್ಟರೋ, ಅಣ್ಣನವರನ್ನು ಕೊಟ್ಟರೋ ನಿನಗೆ ಹೇಗೆ ಗೊತ್ತು?" ಎಂದಷ್ಟೇ ಹೇಳಿದರು.

ಅಂದಿನಿಂದ ಒಂದು ಕಟ್ಟಳೆ ಆಯಿತು. ಎಣಿಕೆಯ ಹೊತ್ತಿನಲ್ಲಿ ಯಾರೂ ನಾಣ್ಯ ಆಯುವಂತಿಲ್ಲ. ಬ್ಯಾಂಕು ತೆಗೆದುಕೊಳ್ಳದ, ಚಲಾವಣೆ ತಪ್ಪಿದ ನಾಣ್ಯಗಳನ್ನು ಪುಸ್ತಕದಲ್ಲಿ ಬರೆದು, ಪ್ರಸಾದ ನಿಲಯದ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಮಕ್ಕಳೂ ನೋಡುವಂತೆ ಇಡಬೇಕು. ಬಸವಣ್ಣನವರ ಆ ನಾಣ್ಯದ ಬದಲಿಗೆ ಐದು ರೂಪಾಯಿಯನ್ನು ಬುದ್ಧಿಯವರು ತಾವೇ ಹುಂಡಿಗೆ ಸಲ್ಲಿಸಿ, ಅದನ್ನೂ ಆ ಪೆಟ್ಟಿಗೆಗೆ ಕೊಟ್ಟರು. ನಮ್ಮ ಹವ್ಯಾಸಕ್ಕೆ ಬೇಕಾದರೆ ನಮ್ಮ ಹಣ ಕೊಟ್ಟು ಬ್ಯಾಂಕಿನಿಂದ ಚಿಲ್ಲರೆ ತಂದು ಹುಡುಕಬೇಕು. ಅಡುಗೆ ಮನೆಯ ಅಣ್ಣನ ಮಗಳ ಪುಸ್ತಕಗಳ ಹೊಣೆಯನ್ನು ನಾನು ವಹಿಸಿಕೊಂಡೆ. ಅದನ್ನು ನಾನು ತೀರಿಸಬೇಕಾದ ಬಾಕಿ ಎಂದೇ ತಿಳಿದಿದ್ದೇನೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನನಗೆ ಹೊಸತಾಗಿ ಅರ್ಥವಾದದ್ದು ಆ ದಿನ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಅಂದಂದಿನ ದಾಸೋಹಕ್ಕೆ ಮಿಕ್ಕ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ, ಆಯುವುದರಲ್ಲಿಯೂ ಇರಲಿಲ್ಲ. ಬೇಕಾದುದಕ್ಕಿಂತ ಹೆಚ್ಚನ್ನು ಬಯಸಿದ ಮನಸ್ಸಿನಲ್ಲಿ ಇತ್ತು. ಆಯುವವನಿಗೆ ಕಣ್ಣು ಬೇಕು, ಕೂಡಿಹಾಕುವವನಿಗೆ ಗೋಣಿ ಬೇಕು. ನಾವೀಗ ಒಂದು ಮನೆಗೆ ಒಂದೇ ನಾಣ್ಯ ಇಡುತ್ತೇವೆ. ಎರಡನೆಯದು ಸಿಕ್ಕರೆ ಸಂತೆಗೆ ಮರಳುತ್ತದೆ. ನಾಣ್ಯ ಹುಟ್ಟಿದ್ದು ನಡೆಯುವುದಕ್ಕೆ, ನಮ್ಮ ಪೆಟ್ಟಿಗೆಯಲ್ಲಿ ಮಲಗುವುದಕ್ಕಲ್ಲ.

ನನ್ನ ಪುಸ್ತಕದಲ್ಲಿ ಅಣ್ಣನವರ ಮನೆ ಇಂದಿಗೂ ಖಾಲಿಯಿದೆ. ಅಂಗಡಿಯಲ್ಲಿ ಕೊಂಡು ತುಂಬಿಸಬಹುದು, ಬೇಡವೆನಿಸುತ್ತದೆ. ಯಾವುದಾದರೂ ಸಂಜೆ, ಬಸ್ಸಿನಿಂದ ಇಳಿಯುವಾಗ, ಕಂಡಕ್ಟರ್ ಅವಸರದಿಂದ ಅಂಗೈಗೆ ಹಾಕುವ ಚಿಲ್ಲರೆಯಲ್ಲಿ ಅವರು ತಾವಾಗಿಯೇ ಬರಲಿ ಎಂದು ಕಾಯುತ್ತಿದ್ದೇನೆ. ಈಗ ಒಂಬತ್ತನೆಯ, ಹತ್ತನೆಯ ತರಗತಿ ದಾಟಿ ಕಾಲೇಜು ಸೇರಿರುವ ಆ ಬಾಲಕ ರಜೆಗೆ ಬಂದಾಗಲೆಲ್ಲ ಮೊದಲು ಕೇಳುವುದು ಅದನ್ನೇ: "ಬಂದರಾ ಗುರುಗಳೇ?" ಇಲ್ಲವೆಂದು ಇಬ್ಬರೂ ನಗುತ್ತೇವೆ. ಶರಣ ಬಂಧುಗಳೇ, ಇಂದು ನಿಮ್ಮ ಕೈಗೆ ಬಂದ ಚಿಲ್ಲರೆಯನ್ನು ಜೇಬಿಗೆ ಹಾಕುವ ಮುನ್ನ ಒಮ್ಮೆ ಇಸವಿಯ ಕೆಳಗೆ ಕಣ್ಣಾಡಿಸಿ. ಸಿಕ್ಕರೆ ಒಂದನ್ನು ಇಟ್ಟುಕೊಳ್ಳಿ. ಉಳಿದುದು ನಡೆಯಲಿ.